ಕೋಣೆಯ ನಾಲ್ಕನೇ ಜೀವ

ಪುಟ್ಟಿ,

ಕಳೆದ ಭಾನುವಾರ ಸಂಜೆ ಭದ್ರಾವತಿಯ ಜನ್ನಾಪುರದ ನಮ್ಮ ಮನೆ ಜಗಲಿಯಲ್ಲಿ ಕೂತು ನೀನು ಕೇಳಿದ ಪ್ರಶ್ನೆಗೆ ನಾನು ಅವತ್ತು ಉತ್ತರ ಕೊಡಲಿಲ್ಲ. ಕಾಫಿ ಲೋಟ ಕೈಗಿತ್ತು ಮಾತನ್ನು ಬೇರೆ ಕಡೆ ತಿರುಗಿಸಿಬಿಟ್ಟೆ. ಶಿವಮೊಗ್ಗದ ಬಸ್ಸಿಗೆ ಹೊತ್ತಾಯಿತು ಅಂತ ನೀನು ಮುಖ ಸಣ್ಣದು ಮಾಡಿಕೊಂಡೇ ಎದ್ದು ಹೋದೆ. ಬಾಯಲ್ಲಿ ಹೇಳುವುದಕ್ಕಿಂತ ಬರೆದುಕೊಟ್ಟರೆ ನಿಧಾನವಾಗಿ ಓದಿಕೊಳ್ಳುತ್ತೀ ಅನ್ನಿಸಿ ಬರೆಯುತ್ತಿದ್ದೇನೆ. ನಿನ್ನದೇ ಪ್ರಶ್ನೆ ಇಟ್ಟುಕೊಂಡಿರುವ ಬೇರೆ ಹಾಸ್ಟೆಲ್ ಮಕ್ಕಳಿಗೂ ಇದು ಮುಟ್ಟಲಿ.

ನೀನು ಕೇಳಿದ್ದು ಇದು: "ದೊಡ್ಡಮ್ಮ, ಅಮೆರಿಕದಲ್ಲಿ ಎಂಎಸ್ ಮಾಡ್ತಿರೋ ನಮ್ಮಕ್ಕ ಒಂದು ಲೆಟರ್ ಕೊಟ್ಟು ಯೂನಿವರ್ಸಿಟಿ ರೂಮಲ್ಲೇ ಬೆಕ್ಕು ಇಟ್ಕೊಂಡಿದಾಳೆ. ಎಮೋಷನಲ್ ಸಪೋರ್ಟ್ ಅಂತಾರಂತೆ. ಆನ್‌ಲೈನಲ್ಲಿ ದುಡ್ಡು ಕಟ್ಟಿದ್ರೆ ಅಂಥ ಸರ್ಟಿಫಿಕೇಟು ಬರುತ್ತೆ. ಅದನ್ನ ತೋರಿಸಿದ್ರೆ ನಮ್ಮ ವಾರ್ಡನ್ ಒಪ್ಪಲ್ವಾ?"

ಆಮೇಲೆ ಫೋನಿನಲ್ಲಿ ಫೋಟೊ ತೋರಿಸಿದೆ. ಬೂದು ಬಣ್ಣದ ಮರಿ, ಬಲಗಿವಿಯ ತುದಿ ಹರಿದಿದೆ, ನಿನ್ನ ರೆಕಾರ್ಡ್ ಪುಸ್ತಕದ ಮೇಲೆ ಸುರುಳಿ ಸುತ್ತಿ ಮಲಗಿದೆ. ಮೆಸ್ಸಿನ ಹಿಂದೆ ಸಿಕ್ಕಿತು, ಹನ್ನೆರಡು ದಿನದಿಂದ ರೂಮಿನಲ್ಲಿದೆ, ಯಾರಿಗೂ ಗೊತ್ತಿಲ್ಲ ಅಂದೆ. "ರೂಮ್‌ಮೇಟ್ ಒಬ್ಬಳಿಗೆ ಸ್ವಲ್ಪ ಸೀನು ಬರುತ್ತೆ, ಅಷ್ಟೇ" ಅಂದೆ. ಕೊನೆಗೆ ತಲೆ ತಗ್ಗಿಸಿ, "ಇದು ಬಂದ್ಮೇಲೆ ರಾತ್ರಿ ನಿದ್ದೆ ಬರ್ತಿದೆ ದೊಡ್ಡಮ್ಮ" ಅಂದೆ.

ಬೆಕ್ಕಿನ ಮಾತಿಗಿಂತ ಆ ನಿದ್ದೆಯ ಮಾತೇ ನನ್ನ ಕಿವಿಯಲ್ಲಿ ಉಳಿಯಿತು. ಅವತ್ತು ನಾನು ಸುಮ್ಮನಾಗಿದ್ದಕ್ಕೆ ಕಾರಣವೂ ಇದೆ. ಹಿಂದೊಮ್ಮೆ ಇಂಥದೇ ಪ್ರಶ್ನೆ ನನ್ನ ಮುಂದೆ ಬಂದಿತ್ತು. ಆಗ ನಾನು ಅವಸರದಲ್ಲಿ ಉತ್ತರ ಕೊಟ್ಟಿದ್ದೆ.

ಪಾಠ ಹೇಳುವುದರ ಜೊತೆಗೆ ಎಷ್ಟೋ ವರ್ಷ ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದೆ ಅಂತ ನಿನಗೆ ಗೊತ್ತಲ್ಲ. ಒಂದು ಕೋಣೆಗೆ ಮೂರು ಕಬ್ಬಿಣದ ಮಂಚ, ಮೂರು ಟ್ರಂಕು, ಒಂದೇ ಕಿಟಕಿ. ಒಂದು ಮಳೆಗಾಲದಲ್ಲಿ ಹೊಸನಗರದ ಕಡೆಯ ಹುಡುಗಿಯೊಬ್ಬಳು ನಾಯಿಮರಿ ತಂದು ಬಚ್ಚಲುಮನೆಯ ದೊಡ್ಡ ಬಕೆಟ್ಟಿನಲ್ಲಿ ಬಚ್ಚಿಟ್ಟಿದ್ದಳು. ಬಕೆಟ್ಟಿನ ತಳಕ್ಕೆ ತನ್ನ ಟವೆಲ್ಲು ಹಾಸಿದ್ದಳು. ಮೆಸ್ಸಿನಿಂದ ತನ್ನ ಪಾಲಿನ ಹಾಲು ಅನ್ನ ಕಲಸಿ ತಂದು ಹಾಕುತ್ತಿದ್ದಳು. ಅದೇ ಕೋಣೆಯಲ್ಲಿ ಇನ್ನೊಬ್ಬಳಿದ್ದಳು. ಅವಳಿಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿ, ಆಗಿನ ಕಾಲದ ರೂಢಿಯಂತೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡಿಸಿದ್ದರು. ಮರಿ ಕುಂಯ್‌ಗುಟ್ಟಿದರೆ ಸಾಕು, ಆ ಮಗು ಮಂಚದ ಮೇಲೆ ಕಾಲು ಮಡಚಿಕೊಂಡು ಗೋಡೆಗೆ ಒರಗಿ ಬೆಳಗಿನ ತನಕ ಕೂತಿರುತ್ತಿತ್ತು. ನಾಲ್ಕನೇ ದಿನ ನನ್ನ ಹತ್ತಿರ ಬಂದು ಅತ್ತಳು.

ನಾನು ನಿಯಮದ ಪುಸ್ತಕ ತೆಗೆದೆ. ಹಾಸ್ಟೆಲ್ಲಿನಲ್ಲಿ ಪ್ರಾಣಿ ಸಾಕುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ವಾಚ್‌ಮನ್ನನ್ನು ಕರೆದು ಮರಿಯನ್ನು ಗೋಣಿಚೀಲದಲ್ಲಿ ಹಾಕಿಸಿ ಸಂತೆಮಾಳದ ಕಡೆ ಬಿಡಿಸಿಬಿಟ್ಟೆ. ಹುಡುಗಿಯಿಂದ ತಪ್ಪೊಪ್ಪಿಗೆ ಬರೆಸಿಕೊಂಡೆ. ಅವಳು ಒಂದು ಮಾತೂ ಆಡದೆ ಬರೆದುಕೊಟ್ಟಳು. ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಟಿಸಿ ತೆಗೆದುಕೊಳ್ಳಲು ಬಂದ ಅವಳ ಸೋದರಮಾವ ಹೇಳಿದ: ಆ ಬೇಸಿಗೆಯಲ್ಲಿ ಅವಳ ಅಪ್ಪ ತೀರಿಕೊಂಡಿದ್ದರಂತೆ. ಅಪ್ಪ ಸಾಕಿದ್ದ ನಾಯಿ ಅವರ ಹಿಂದೆಯೇ ಅನ್ನ ಬಿಟ್ಟು ಸತ್ತಿತ್ತಂತೆ. ಈ ಮರಿಗೆ ಅದೇ ನಾಯಿಯ ಹೆಸರಿಟ್ಟಿದ್ದಳಂತೆ.

ಹೆದರಿದ್ದ ಹುಡುಗಿಗೆ ನಿದ್ದೆ ಸಿಗುವಂತೆ ಮಾಡಿದ್ದು ಸರಿಯೇ. ಆ ಕೋಣೆಯಲ್ಲಿ ಆ ಮರಿ ಇರಲು ಸಾಧ್ಯವಿರಲಿಲ್ಲ ಅಂತ ಇವತ್ತಿಗೂ ಹೇಳುತ್ತೇನೆ. ಆದರೆ "ಯಾಕೆ ತಂದೆ ಮಗಳೇ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಮರಿಗೆ ಒಂದು ಮನೆ ಹುಡುಕಲಿಲ್ಲ. ಆ ಎರಡು ತಪ್ಪು ನನ್ನವು. ಈಗ ನಿನಗೆ ಹೇಳುವುದೆಲ್ಲ ಆ ತಪ್ಪಿನಿಂದ ಕಲಿತದ್ದು.

ಮೊದಲು ನೀನು ಒಂದೇ ಗಂಟಿನಲ್ಲಿ ಕಟ್ಟಿರುವ ಎರಡು ವಿಷಯ, ಕೆಲಸ ಕಲಿತ ಪ್ರಾಣಿ ಮತ್ತು ಆಸರೆಯ ಪ್ರಾಣಿ, ಬಿಡಿಸಿಕೊಳ್ಳೋಣ. ಗಾಜನೂರು ದಾಟಿ ಸಕ್ರೆಬೈಲಿಗೆ ನೀನು ಎಷ್ಟು ಸಲ ಹೋಗಿಲ್ಲ! ಅಲ್ಲಿ ತುಂಗೆಯ ಹಿನ್ನೀರಿನಲ್ಲಿ ಮೈತೊಳೆಸಿಕೊಳ್ಳುವ ಆನೆಗಳಲ್ಲಿ ಕೆಲವು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿಬರುವಂಥವು. ಮಾವುತ, ಕಾವಾಡಿ ವರ್ಷಗಟ್ಟಲೆ ಕೂತು ಕಲಿಸಿದ ಕೆಲಸ ಅವಕ್ಕೆ ಗೊತ್ತು. ದಾವಣಗೆರೆ ಪೊಲೀಸರ ಶ್ವಾನದಳದಲ್ಲಿ ನಮ್ಮ ನದಿಯದೇ ಹೆಸರಿನ 'ತುಂಗಾ' ಎಂಬ ಡಾಬರ್‌ಮನ್ ಇತ್ತು. 2020ರಲ್ಲಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿ ಇದ್ದ ಜಾಗ ತೋರಿಸಿತು. ಆ ಆನೆ, ಈ ನಾಯಿ ಎರಡೂ ಕೆಲಸ ಕಲಿತು ಮಾಡುವ ಪ್ರಾಣಿಗಳು. ಮನೆಯ ಬೆಕ್ಕು ಹಾಗಲ್ಲ. ಅದು ಏನನ್ನೂ ಕಲಿತಿಲ್ಲ. ಬಂದು ಮಡಿಲಲ್ಲಿ ಕೂರುತ್ತದೆ, ನಮ್ಮ ಮನಸ್ಸು ಹಗುರಾಗುತ್ತದೆ. ಎರಡೂ ದೊಡ್ಡ ಸಂಗತಿಯೇ. ಆದರೆ ಒಂದೇ ಸಂಗತಿಯಲ್ಲ.

ಅಂಗವೈಕಲ್ಯ ಇರುವವರಿಗಾಗಿ ಒಂದು ನಿರ್ದಿಷ್ಟ ಕೆಲಸ ಮಾಡಲು ತರಬೇತಿ ಪಡೆದದ್ದು ಸೇವಾ ಪ್ರಾಣಿ. ಇದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ದಾರಿ ತೋರುವ ನಾಯಿಗಳ ಶಾಲೆ ಶುರುವಾಯಿತು. ಅಮೆರಿಕದಲ್ಲಿ 1929ರಲ್ಲಿ 'ದಿ ಸೀಯಿಂಗ್ ಐ' ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲೊಬ್ಬನಾದ ಮಾರಿಸ್ ಫ್ರ್ಯಾಂಕ್ ಎಂಬ ಅಂಧ ತರುಣ ತನ್ನ 'ಬಡ್ಡಿ' ಎಂಬ ನಾಯಿಯ ಜೊತೆ ಊರೂರು ತಿರುಗಿ, ಹೋಟೆಲು, ರೈಲುಗಳ ಬಾಗಿಲು ತೆರೆಸಿದ.

ಇಂಥ ನಾಯಿಗೆ ಕಲಿಸುವುದರಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಒಂದಿದೆ. ಯಜಮಾನ "ಮುಂದೆ ನಡಿ" ಅಂದಾಗ ಎದುರಿಗೆ ವಾಹನ ಬರುತ್ತಿದ್ದರೆ ನಾಯಿ ನಡೆಯಬಾರದು. ಆಜ್ಞೆ ಮೀರಬೇಕು. ಯಾವಾಗ ಮಾತು ಕೇಳಬೇಕು, ಯಾವಾಗ ಕೇಳಬಾರದು ಅಂತ ಕಲಿಸುತ್ತಾರೆ. ಕಿವಿ ಕೇಳದವರಿಗೆ ಕರೆಗಂಟೆ ಬಾರಿಸಿದ್ದನ್ನು ತಟ್ಟಿ ತಿಳಿಸುವ ನಾಯಿಗಳಿವೆ. ಮನಸ್ಸಿನ ಕಾಯಿಲೆಗೂ ಇವೆ. ಕೆಟ್ಟ ಕನಸಿನಲ್ಲಿ ಒದ್ದಾಡುವವರನ್ನು ಎಬ್ಬಿಸುವುದು, ಗಾಬರಿ ಏರಿದಾಗ ಮೈಮೇಲೆ ಭಾರ ಹಾಕಿ ಒರಗಿ ಶಾಂತಗೊಳಿಸುವುದು ಇವುಗಳ ಕೆಲಸ. ಹಾಗಾಗಿ ವ್ಯತ್ಯಾಸ ಇರುವುದು ಕಾಯಿಲೆ ದೇಹದ್ದೋ ಮನಸ್ಸಿನದ್ದೋ ಎಂಬುದರಲ್ಲಿ ಅಲ್ಲ. ಆ ಪ್ರಾಣಿ ಕಲಿತ ಕೆಲಸವೇನು ಎಂಬುದರಲ್ಲಿ.

ಆಸರೆಯ ಪ್ರಾಣಿಗೆ, ನಿಮ್ಮಕ್ಕ ಹೇಳಿದ ಎಮೋಷನಲ್ ಸಪೋರ್ಟ್ ಅನಿಮಲ್‌ಗೆ, ಅಂಥ ತರಬೇತಿ ಬೇಕಿಲ್ಲ. ಅದು ಜೊತೆಗಿರುವುದೇ ಆಸರೆ. ಅದರಿಂದ ನಿಜಕ್ಕೂ ಗುಣ ಇದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 249 ವಿದ್ಯಾರ್ಥಿಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತೇ ನಿಮಿಷ ನಾಯಿ ಬೆಕ್ಕುಗಳ ಮೈ ಸವರಿದವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆಯಾದದ್ದು ಕಂಡುಬಂತು. ನಿನಗೆ ನಿದ್ದೆ ಬಂದದ್ದು ಸುಳ್ಳಲ್ಲ ಪುಟ್ಟಿ. ಅದನ್ನು ನಾನು ನಂಬುತ್ತೇನೆ.

ಈಗ ನಿಮ್ಮಕ್ಕನ ಊರಿನ ಕಾನೂನಿಗೆ ಬರೋಣ. ಇನ್ನೆರಡು ವರ್ಷಕ್ಕೆ ನೀನೂ ಅಲ್ಲಿಗೆ ಹೋಗುವ ಆಸೆ ಇಟ್ಟುಕೊಂಡಿದ್ದೀಯ, ಸರಿಯಾಗಿ ತಿಳಿದುಕೋ. ಅಲ್ಲಿ ಎರಡು ಕಾಯ್ದೆ ಇವೆ. 1990ರ ಅಂಗವಿಕಲರ ಕಾಯ್ದೆಯ ನಿಯಮದಲ್ಲಿ ಸೇವಾ ಪ್ರಾಣಿ ಅಂದರೆ ತರಬೇತಾದ ನಾಯಿ. ಪುಟಾಣಿ ಕುದುರೆಗೆ ಮಾತ್ರ ಒಂದು ಪ್ರತ್ಯೇಕ ಅವಕಾಶವಿದೆ. ಅಂಥ ನಾಯಿ ತರಗತಿಗೆ, ಕ್ಯಾಂಟೀನಿಗೆ, ಲೈಬ್ರರಿಗೆ ಎಲ್ಲಿಗೂ ಬರಬಹುದು. ಅದರ ಅಗತ್ಯ ಕಣ್ಣಿಗೆ ಕಾಣದಿದ್ದರೆ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಇದು ಬೇಕೇ? ಯಾವ ಕೆಲಸ ಕಲಿತಿದೆ? ಕಾಯಿಲೆ ಏನು ಅಂತ ಕೇಳುವಂತಿಲ್ಲ, ಕಾಗದ ತೋರಿಸು ಅನ್ನುವಂತಿಲ್ಲ.

ಆಸರೆಯ ಪ್ರಾಣಿ ಈ ಕಾಯ್ದೆಯೊಳಗೆ ಬರುವುದಿಲ್ಲ. ಅದಕ್ಕೆ ಜಾಗ ಸಿಕ್ಕಿದ್ದು ವಸತಿಗೆ ಸಂಬಂಧಪಟ್ಟ ಫೇರ್ ಹೌಸಿಂಗ್ ಆಕ್ಟ್ ಎಂಬ ಇನ್ನೊಂದು ಕಾಯ್ದೆಯಿಂದ. ಕಾಲೇಜು ಹಾಸ್ಟೆಲ್ಲೂ 'ವಸತಿ'ಯೇ ಎಂಬ ಪ್ರಶ್ನೆ ನೆಬ್ರಾಸ್ಕಾ ರಾಜ್ಯದ ಕಿಯರ್ನಿಯ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಬಂತು. ಖಿನ್ನತೆ, ಆತಂಕದಿಂದ ಬಳಲುತ್ತಿದ್ದ ವಿದ್ಯಾರ್ಥಿನಿ ತನ್ನ ಪುಟ್ಟ ನಾಯಿ ಇಟ್ಟುಕೊಳ್ಳಲು ಕೇಳಿದ್ದಳು, ವಿಶ್ವವಿದ್ಯಾಲಯ ಒಪ್ಪಿರಲಿಲ್ಲ. ಕಾಯ್ದೆ ವಿದ್ಯಾರ್ಥಿಗಳ ವಸತಿಗೂ ಅನ್ವಯಿಸುತ್ತದೆ ಅಂತ 2013ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. 2015ರಲ್ಲಿ ವಿಶ್ವವಿದ್ಯಾಲಯ ಇಬ್ಬರು ವಿದ್ಯಾರ್ಥಿಗಳಿಗೆ 1,40,000 ಡಾಲರ್ ಕೊಟ್ಟು ರಾಜಿಯಾಯಿತು. ಆದರೆ ಆ ಹಕ್ಕು ಉಳಿದುಕೊಳ್ಳುವ ಕೋಣೆಯ ಮಟ್ಟಿಗೆ ಮಾತ್ರ. ಮೊದಲೇ ಅರ್ಜಿ ಹಾಕಬೇಕು. ವಿದ್ಯಾರ್ಥಿಯನ್ನು ನಿಜವಾಗಿ ಬಲ್ಲ ವೈದ್ಯರೋ ಆಪ್ತಸಮಾಲೋಚಕರೋ ಈ ಪ್ರಾಣಿ ಯಾಕೆ ಬೇಕು ಅಂತ ಬರೆದುಕೊಡಬೇಕು. ನಿಮ್ಮಕ್ಕ ಆ ದಾರಿಯಲ್ಲೇ ಹೋಗಿರಬೇಕು, ಕೇಳಿ ನೋಡು. ನೀನು ಹೋಗುವ ಹೊತ್ತಿಗೆ ನಿಯಮ ಬದಲಾಗಿರಬಹುದು. ಹಾಗಾಗಿ ಸೀಟು ಸಿಕ್ಕ ಕೂಡಲೇ ಅಲ್ಲಿನ ಅಂಗವಿಕಲ ವಿದ್ಯಾರ್ಥಿಗಳ ನೆರವು ಕಚೇರಿಗೆ ಬರೆದು ಕೇಳು.

ದುಡ್ಡು ಕಟ್ಟಿದರೆ ಬರುವ ಸರ್ಟಿಫಿಕೇಟಿನ ಬಗ್ಗೆ ಕಿವಿಗೊಟ್ಟು ಕೇಳು. ನಾಲ್ಕು ಪ್ರಶ್ನೆ ತುಂಬಿಸಿಕೊಂಡು ಯಾರಿಗೆ ಬೇಕಾದರೂ ಮಾರುವ ಇಂಥ ಕಾಗದ ಅಷ್ಟರಿಂದಲೇ ಪುರಾವೆಯಾಗದು ಅಂತ ಅಮೆರಿಕದ ವಸತಿ ಇಲಾಖೆಯೇ 2020ರಲ್ಲಿ ಹೇಳಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಕನಿಷ್ಠ 30 ದಿನ ತಮ್ಮ ಹತ್ತಿರ ಬಂದುಹೋಗದವರಿಗೆ ಆಸರೆಯ ನಾಯಿಯ ಪತ್ರವನ್ನು ವೈದ್ಯರು ಕೊಡುವಂತಿಲ್ಲ. ಹುಸಿ ಕಾಗದದವರು ಹೆಚ್ಚಿದರೆ ಏನಾಗುತ್ತದೆ ಅನ್ನುವುದನ್ನು ವಿಮಾನಗಳಲ್ಲಿ ನೋಡಿದೆವು. ಆಸರೆಯ ಪ್ರಾಣಿ ಅಂತ ಹೇಳಿಕೊಂಡು ತರಬೇತಿಯಿಲ್ಲದ ಪ್ರಾಣಿಗಳನ್ನು ಒಳಗೆ ತಂದರು. ಕಚ್ಚಿದ, ಗಲೀಜು ಮಾಡಿದ ದೂರುಗಳು ಬಂದವು. ಕೊನೆಗೆ 2021ರ ಜನವರಿಯಿಂದ, ಅವನ್ನು ಸೇವಾ ಪ್ರಾಣಿಯೆಂದು ಒಪ್ಪಲೇಬೇಕಾದ ಕಟ್ಟಳೆಯೇ ವಿಮಾನ ಕಂಪನಿಗಳಿಗೆ ತಪ್ಪಿಹೋಯಿತು. ನಷ್ಟವಾದದ್ದು ಯಾರಿಗೆ? ನಿಜವಾಗಿ ಬೇಕಾಗಿದ್ದವರಿಗೆ. 'ತೋಳ ಬಂತು ತೋಳ' ಅಂತ ಕೂಗಿದ ಹುಡುಗನ ಕಥೆಯಲ್ಲಿ ಹೋದದ್ದು ಅವನೇ ಕಾಯುತ್ತಿದ್ದ ಕುರಿಗಳು. ಇಲ್ಲಿ ಒಬ್ಬರು ಸುಳ್ಳು ಕೂಗಿದರೆ ಬೇರೆಯವರ ಕುರಿ ಹೋಗುತ್ತದೆ.

ನಮ್ಮ ದೇಶದ ಮಾತು ಬೇರೆ. ಆಸರೆಯ ಪ್ರಾಣಿಗೆ ಹಾಸ್ಟೆಲ್ಲಿನಲ್ಲಿ ಜಾಗ ಕೊಡಬೇಕು ಅನ್ನುವ ಕಾಯ್ದೆ ನಮ್ಮಲ್ಲಿಲ್ಲ. ನೀನು ತರಿಸುವ ಸರ್ಟಿಫಿಕೇಟಿಗೆ ಇಲ್ಲಿ ಬೆಲೆಯೇ ಇಲ್ಲ. ನಮ್ಮಲ್ಲಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಮಾನಸಿಕ ಕಾಯಿಲೆಯೂ ಅದರಲ್ಲಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ 'ಸೂಕ್ತ ಹೊಂದಾಣಿಕೆ' ಮಾಡಿಕೊಡಬೇಕು ಅನ್ನುತ್ತದೆ. ಉಳಿದವರ ಮೇಲೆ ತೀರ ಹೆಚ್ಚಿನ ಹೊರೆ ಬೀಳದ ಹಾಗೆ ಮಾಡಬಹುದಾದ ಬದಲಾವಣೆ ಅಂತ ಅದರ ಅರ್ಥ.

ಅದು ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಾಸ್ಟೆಲ್ಲಿಗೆ ಪೂರ್ತಿ ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಬಂದಿದ್ದಳು. ದಾರಿ ತೋರುವ ನಾಯಿಯನ್ನು ನಾನೂ ನೋಡಿರಲಿಲ್ಲ, ಅವಳೂ ಮುಟ್ಟಿರಲಿಲ್ಲ. ನಮ್ಮ ಫುಟ್‌ಪಾತು, ನಮ್ಮ ಬೀದಿನಾಯಿಗಳ ಗುಂಪಿನ ನಡುವೆ ಅಂಥ ನಾಯಿ ನಡೆಸುವುದು ಸುಲಭವೂ ಅಲ್ಲ. ಅವಳ ಕೈಯಲ್ಲಿ ಮಡಚುವ ಬಿಳಿ ಕೋಲಿತ್ತು. ಅವಳು ನನ್ನಿಂದ ಕೇಳಿದ್ದು ಎರಡೇ: "ಮೇಡಂ, ಕೆಳಗಿನ ಮಹಡಿಯಲ್ಲಿ ರೂಮ್ ಕೊಡಿ. ವರಾಂಡದಲ್ಲಿ ಕುರ್ಚಿ, ಬಕೆಟ್ ಇಡಬೇಡಿ ಅಂತ ಎಲ್ಲರಿಗೂ ಹೇಳಿ." ಬಂದ ಮೊದಲ ಸಂಜೆ ಗೋಡೆ ಸವರಿಕೊಂಡು ಕೋಣೆಯಿಂದ ಮೆಸ್ಸಿಗೆ ಮೂರು ಸಲ ನಡೆದು ಹೆಜ್ಜೆ ಎಣಿಸಿದಳು. ನಲವತ್ತೊಂದು. ಆಮೇಲೆ ಮೂರು ವರ್ಷ ಆ ನಲವತ್ತೊಂದು ಹೆಜ್ಜೆಯನ್ನು ಯಾರ ಕೈಯನ್ನೂ ಹಿಡಿಯದೆ ನಡೆದಳು. ಅವಳ ಜೊತೆಗಿದ್ದ ಮಕ್ಕಳೇ ವರಾಂಡ ಕಾಯುತ್ತಿದ್ದರು.

ಅವಳಿಂದ ನಾನು ಕಲಿತದ್ದು ಕೇಳುವ ರೀತಿ. ಬೇಕಾದದ್ದೇನು, ಯಾಕೆ ಬೇಕು, ಅದಕ್ಕೆ ಯಾರು ಏನು ಮಾಡಬೇಕು ಅಂತ ಅವಳಿಗೆ ನಿಚ್ಚಳವಾಗಿ ಗೊತ್ತಿತ್ತು. ಅಷ್ಟು ನಿಚ್ಚಳವಾಗಿ ಕೇಳಿದರೆ ಎಂಥ ಗಟ್ಟಿ ಮನಸ್ಸಿನ ವಾರ್ಡನ್ನೂ ಇಲ್ಲ ಅನ್ನುವುದು ಕಷ್ಟ. ನಾಳೆ ನಮ್ಮ ಹುಡುಗಿಯೊಬ್ಬಳು ನಿಜವಾದ ತರಬೇತಿಯ ನಾಯಿಯೊಂದಿಗೆ ಬಂದರೂ ಅವಳಿಗೆ ಆ ಕಾಯ್ದೆಯ ಬಾಗಿಲು ತಟ್ಟುವ ಹಕ್ಕಿದೆ. ಆ ದಿನ ಬಾಗಿಲು ತೆರೆಯಬೇಕಾದರೆ ಇವತ್ತು ನೀನು ಅದೇ ಬಾಗಿಲಿಗೆ ಸುಳ್ಳು ಕಾಗದ ಹಿಡಿದು ನಿಲ್ಲಬಾರದು.

ಈಗ ನಿನ್ನ ಮರಿಯ ವಿಷಯ. ಅದನ್ನು ಕೋಣೆಯಲ್ಲಿ ಇಟ್ಟುಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನನ್ನ ಮೇಲೆ ಕೋಪ ಬಂದರೂ ಪರವಾಗಿಲ್ಲ, ಕೇಳಿಕೋ.

ಒಂದು, ಅದೇ ಗಾಳಿ ಕುಡಿಯುವ ಇನ್ನಿಬ್ಬರು ಯಾರು? "ಸ್ವಲ್ಪ ಸೀನು, ಅಷ್ಟೇ" ಅಂದೆಯಲ್ಲ, ಆ 'ಅಷ್ಟೇ' ನಿನ್ನದು, ಅವಳದಲ್ಲ. ಬೆಕ್ಕಿನ ಎಂಜಲು, ಚರ್ಮದ ಹೊಟ್ಟು ಒಗ್ಗದವರಿಗೆ ಸೀನು ಉಬ್ಬಸಕ್ಕೆ ತಿರುಗಬಹುದು. ಅವಳು ಸುಮ್ಮನಿರುವುದು ನಿನ್ನ ಮೇಲಿನ ಪ್ರೀತಿಯಿಂದಲೋ ದಾಕ್ಷಿಣ್ಯದಿಂದಲೋ? ಇವತ್ತು ರಾತ್ರಿಯೇ ಎದುರು ಕೂರಿಸಿಕೊಂಡು ಕೇಳು. ಬೇಡ ಅಂತ ಧೈರ್ಯವಾಗಿ ಹೇಳಬಹುದಾದ ಹಾಗೆ ಕೇಳು. ನಿನ್ನ ನಿದ್ದೆಗೆ ಅವಳ ಉಸಿರು ಬೆಲೆಯಾಗಬಾರದು.

ಎರಡು, ಆ ಮರಿಗೆ ಏನು ಬೇಕು? ಬೆಕ್ಕು ಹನ್ನೆರಡು, ಹದಿನೈದು ವರ್ಷ ಬದುಕುವ ಜೀವ. ನಿನ್ನ ಡಿಗ್ರಿ ಮೂರು ವರ್ಷ. ರಜೆಯಲ್ಲಿ ಅದು ಎಲ್ಲಿರುತ್ತದೆ? ನೀನು ಅಮೆರಿಕಕ್ಕೆ ಹೋದ ದಿನ? ಇಲ್ಲಿ ಪೇಪರ್‌ಟೌನಿನಲ್ಲಿ ನಾನು ಕಂಡದ್ದು ನಿನಗೆ ಹೇಳುತ್ತೇನೆ. ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಸಂಸಾರಗಳು ಒಂದೊಂದಾಗಿ ಕ್ವಾರ್ಟರ್ಸ್ ಖಾಲಿ ಮಾಡಿಕೊಂಡು ಹೋದವಲ್ಲ, ಕೆಲವರು ಸಾಕಿದ್ದನ್ನು ಕರೆದುಕೊಂಡು ಹೋಗಲಾಗಲಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಕಂದು ಬಣ್ಣದ ನಾಯಿಯೊಂದು ವಾರಗಟ್ಟಲೆ ಕೂತಿತ್ತು. ಯಾರಾದರೂ ಆ ದಾರಿಯಲ್ಲಿ ಬಂದರೆ ಎದ್ದು ನಿಂತು ನೋಡಿ, ಅವರಲ್ಲ ಅಂತ ತಿಳಿದು ಮತ್ತೆ ಕೂರುತ್ತಿತ್ತು. ಪ್ರಾಣಿ ನಮಗೆ ಆಸರೆ ಅನ್ನುತ್ತೇವೆ. ಅದಕ್ಕೆ ನಾವೇ ಪೂರ್ತಿ ಆಸರೆ ಅನ್ನುವುದನ್ನು ಮರೆಯುತ್ತೇವೆ. ಹಗಲೆಲ್ಲ ಬೀಗ ಹಾಕಿದ ಕೋಣೆಯಲ್ಲಿ, ಯಾರಿಗೂ ಕೇಳದ ಹಾಗೆ ಇರು ಅಂತ ಒಂದು ಜೀವಕ್ಕೆ ಹೇಳುವುದು ಅದಕ್ಕೆ ಮಾಡುವ ಉಪಕಾರವಲ್ಲ.

ಮೂರು, ಆರೋಗ್ಯ. ಬೀದಿಯಿಂದ ಎತ್ತಿಕೊಂಡ ಮರಿಯನ್ನು ಪಶುವೈದ್ಯರಿಗೆ ತೋರಿಸಿದ್ದೀಯಾ? ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಿಮ್ಮ ಊರಿನ ಪುಣ್ಯ. ಜಂತುಹುಳುವಿನ ಔಷಧಿ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹಾಗೆ. ನಿನಗಾಗಲಿ ಗೆಳತಿಯರಿಗಾಗಲಿ ಕಚ್ಚಿದರೆ, ಉಗುರಿನಿಂದ ಪರಚಿ ರಕ್ತ ಬಂದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ ಹಚ್ಚಿ ಕೂರಬಾರದು. ಬಚ್ಚಿಟ್ಟ ಪ್ರಾಣಿ ಪರಚಿದರೆ ಗಾಯವನ್ನೂ ಬಚ್ಚಿಡುತ್ತಾರೆ. ನನಗೆ ಅದೇ ಭಯ.

ಇನ್ನೊಂದು ಮಾತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ ಕಾಲೇಜು ಆಸ್ಪತ್ರೆಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ, ಸಂತಾನಹರಣ, ಲಸಿಕೆ ಮಾಡಿಸಿ ಬೇರೆ ಆಶ್ರಯಕ್ಕೆ ಸೇರಿಸಬೇಕು ಅಂತ ನಿರ್ದೇಶನ ಕೊಟ್ಟಿತು. ಆ ಆದೇಶ ಬೆಕ್ಕಿನ ಬಗ್ಗೆ ಅಲ್ಲ. ಆದರೆ ಅದಾದ ಮೇಲೆ ಆಡಳಿತದವರು ಆವರಣದ ಎಲ್ಲ ಪ್ರಾಣಿಗಳ ವಿಷಯದಲ್ಲೂ ಬಿಗಿಯಾಗಿರಬಹುದು ಅನ್ನುವುದು ನಿನ್ನ ಗಮನದಲ್ಲಿರಲಿ. ಸಿಕ್ಕಿಬಿದ್ದ ದಿನ ಗೋಣಿಚೀಲಕ್ಕೆ ಹೋಗುವುದು ನೀನಲ್ಲ, ಆ ಮರಿ.

ಇಷ್ಟು ಬೆಕ್ಕಿನ ಮಾತು. ಇನ್ನು ನಿದ್ದೆಯ ಮಾತು. ಇದನ್ನು ಹೇಳಲೆಂದೇ ಇಷ್ಟು ಬರೆದೆ.

ಆ ಮರಿ ಬರುವ ಮುಂಚೆ ಎಷ್ಟು ದಿನದಿಂದ ನಿನಗೆ ನಿದ್ದೆ ಇರಲಿಲ್ಲ ಮಗಳೇ? ಯಾರಿಗೆ ಹೇಳಿದ್ದೆ? ಮರಿ ನಿನ್ನ ಕಷ್ಟವನ್ನು ಮರೆಸುತ್ತದೆ. ಮರೆಸುವುದೂ ದೊಡ್ಡ ಉಪಕಾರವೇ. ಆದರೆ ಕಷ್ಟ ಏನು ಅಂತ ಅದು ಕೇಳಲಾರದು. ಅದನ್ನು ಕೇಳಲು ಮನುಷ್ಯರೇ ಬೇಕು. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು. ನಮ್ಮ ನಿಮ್ಹಾನ್ಸ್ ಅದಕ್ಕೆ ಆಧಾರ, ಕನ್ನಡದಲ್ಲೇ ಮಾತಾಡಬಹುದು. ಮೆಗ್ಗಾನ್‌ನಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲೆ ಜಿಲ್ಲೆಯಲ್ಲೂ ಮಾನಸಿಕ ಆರೋಗ್ಯ ಸೇವೆ ಸಿಗಬೇಕು ಎಂಬ ಯೋಜನೆಯ ಬೇರು ನಮ್ಮ ರಾಜ್ಯದ್ದೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗ ಆಮೇಲೆ ದೇಶಕ್ಕೇ ಮಾದರಿಯಾಯಿತು.

ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂದುಕೊಂಡಾರು ಅಂತ ನಿಮ್ಮಮ್ಮ ಹಿಂಜರಿದರೆ, ಶಿವಮೊಗ್ಗದ ಡಾ. ಅಶೋಕ್ ಪೈ ಅವರ ಹೆಸರು ನೆನಪಿಸು. ಆ ಹಿಂಜರಿಕೆ ತೆಗೆಯಲೆಂದೇ ಅವರು ಜೀವಮಾನವಿಡೀ ಬರೆದರು, ಭಾಷಣ ಮಾಡಿದರು, ಸಿನಿಮಾಕ್ಕೂ ಕೈಹಾಕಿದರು. ಅವರು ಕೈಜೋಡಿಸಿದ, ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' 1988ರಲ್ಲಿ ಬಂದಾಗ ಮನಸ್ಸಿನ ಗಾಯದ ಬಗ್ಗೆ ನಮ್ಮೂರ ಹೆಂಗಸರು ನೀರಿನ ನಲ್ಲಿಯ ಹತ್ತಿರ ಮಾತಾಡಿದ್ದು ನನಗೆ ನೆನಪಿದೆ. 2016ರಲ್ಲಿ ಡಾ. ಪೈ ತೀರಿಕೊಂಡರು. ಆದರೆ ಈ ಊರಿನಲ್ಲಿ ಆ ಮಾತು ಆಡಲು ನಾಚಬೇಕಿಲ್ಲ ಎಂಬ ಸಲಿಗೆಯನ್ನು ಉಳಿಸಿಹೋಗಿದ್ದಾರೆ. ಅದನ್ನು ಬಳಸಿಕೋ.

ಈ ಕಾಗದ ನಿಮ್ಮ ವಾರ್ಡನ್ ಕಣ್ಣಿಗೆ ಬಿದ್ದರೆ ಅವರಿಗೂ ಒಂದು ಮಾತು. ತಂಗೀ, ನಿಯಮ ಬಿಡು ಅಂತ ನಾನು ಹೇಳುವುದಿಲ್ಲ. ನೂರು ಮಕ್ಕಳ ಜೀವ ಕಾಯುವವಳಿಗೆ ನಿಯಮ ಬೇಕೇಬೇಕು. ಆದರೆ ಮಂಚದ ಕೆಳಗೆ ಮರಿ ಸಿಕ್ಕ ದಿನ ಮೊದಲು ಹುಡುಗಿಯನ್ನು ಕೂರಿಸಿ "ಊಟ ಮಾಡಿದೆಯಾ? ನಿದ್ದೆ ಬರುತ್ತಾ?" ಅಂತ ಕೇಳು. ಮರಿಗೆ ಮನೆ ಹುಡುಕಲು ಒಂದು ವಾರ ಗಡುವು ಕೊಡು. ತಪ್ಪೊಪ್ಪಿಗೆ ಬರೆಸುವ ಬದಲು ಆಪ್ತಸಮಾಲೋಚಕರ ಹತ್ತಿರ ಕಳಿಸು. ಪರೀಕ್ಷೆಯ ಮುಂಚೆ ಒಂದು ಮಧ್ಯಾಹ್ನ, ಲಸಿಕೆ ಹಾಕಿಸಿದ ಸಾಧು ನಾಯಿ ಬೆಕ್ಕುಗಳನ್ನು ಅವುಗಳ ಯಜಮಾನರ ಜೊತೆಗೇ ಅಂಗಳಕ್ಕೆ ಕರೆಸುವುದು ಸಾಧ್ಯವಾ ಅಂತ ಪಶುವೈದ್ಯರನ್ನು ವಿಚಾರಿಸು. ಬೇಕಾದವರು ಬಂದು ಮೈ ಸವರಲಿ, ಹೆದರುವವರು ಕೋಣೆಯಲ್ಲಿರಲಿ. ಹತ್ತು ನಿಮಿಷದಲ್ಲಿ ಗುಣ ಇದೆ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಯಾರ ನಿದ್ದೆಯೂ ಕೆಡಬೇಕಾಗಿಲ್ಲ.

ಪುಟ್ಟಿ, ನಿನ್ನ ಪ್ರಶ್ನೆಗೆ ಈಗ ನನ್ನ ಉತ್ತರ. ಆ ಸರ್ಟಿಫಿಕೇಟು ಬೇಡ. ಇವತ್ತು ರಾತ್ರಿ ರೂಮ್‌ಮೇಟುಗಳ ಹತ್ತಿರ ಮಾತಾಡು. ನಾಳೆ ಬೆಳಿಗ್ಗೆ ನೀನೇ ವಾರ್ಡನ್ ಹತ್ತಿರ ಹೋಗಿ, ಮರಿ ಇದೆ, ಬಚ್ಚಿಟ್ಟಿದ್ದು ತಪ್ಪಾಯಿತು, ಶನಿವಾರ ಮನೆಗೆ ಸಾಗಿಸುತ್ತೇನೆ ಅಂತ ಹೇಳು. ಬೈದರೆ ಬೈಸಿಕೋ. ನಿದ್ದೆಯ ವಿಷಯವನ್ನೂ ಹೇಳು. ಅದನ್ನು ಹೇಳಲು ಬಾಯಿ ಬರದಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಪಕ್ಕದಲ್ಲಿ ಕೂರುತ್ತೇನೆ.

ಮರಿ ಎಲ್ಲಿಗೆ ಅನ್ನುತ್ತೀಯಾ? ಇಲ್ಲಿಗೆ. ಅಡುಗೆಮನೆಯ ಮೂಲೆಯಲ್ಲಿ ಬಿದಿರಿನ ಬುಟ್ಟಿಗೆ ನನ್ನ ಹಳೆಯ ನೂಲಿನ ಸೀರೆ ಮಡಚಿ ಹಾಸಿದ್ದೇನೆ. ಆ ಹೊಸನಗರದ ಹುಡುಗಿಯ ಮರಿಗೂ ಅವತ್ತು ಇಷ್ಟು ಜಾಗ ನನ್ನ ಮನೆಯಲ್ಲಿತ್ತು. ನನಗೆ ಹೊಳೆಯಲಿಲ್ಲ. ವಾರಕ್ಕೊಮ್ಮೆ ಬಂದು ಅದರ ಮೈ ಸವರು, ಹಾಗೆಯೇ ನನ್ನ ಹತ್ತಿರವೂ ಸ್ವಲ್ಪ ಹೊತ್ತು ಕೂರು. ಬರುವ ದಾರಿಯಲ್ಲಿ ವಿನೋಬನಗರದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಾ. ಗಾಳಿಯಾಡುವ ಬುಟ್ಟಿಯಲ್ಲಿ ತಾ, ಚೀಲದಲ್ಲಿ ಬೇಡ.

ನಿನ್ನ
ದೊಡ್ಡಮ್ಮ